ಇಳಿವಯಸ್ಸಿನಲ್ಲಿ ಮದುವೆಯಾಗದೆ ಒಂದೇ ಮನೆಯಲ್ಲಿ ಬಾಳುವವರಿಗೆ ಬೇಕಾದ ಕಾಗದಪತ್ರಗಳು

ಮನೆ ಯಾರ ಹೆಸರಿನಲ್ಲಿದೆಯೋ ಅವರು ಮೊದಲು ತೀರಿಕೊಂಡರೆ, ತಿಥಿ ಮುಗಿದ ಮಾರನೇ ದಿನ ಇನ್ನೊಬ್ಬರು ಎಲ್ಲಿರುತ್ತಾರೆ? ಅರವತ್ತು ದಾಟಿದ ಇಬ್ಬರು ಮದುವೆಯಾಗದೆ ಒಟ್ಟಿಗೆ ಇರೋಣ ಎಂದು ತೀರ್ಮಾನಿಸಿದ ದಿನವೇ ಈ ಪ್ರಶ್ನೆ ಕೇಳಿಕೊಳ್ಳಬೇಕು. ಖರ್ಚು, ಅಡುಗೆ, ದಸರೆಗೆ ಯಾರ ಮೊಮ್ಮಕ್ಕಳು ಬರುತ್ತಾರೆ ಎಂಬುದೆಲ್ಲ ಮಾತಿನಲ್ಲೇ ಬಗೆಹರಿಯುತ್ತದೆ. ಇದೊಂದು ಹಾಗೆ ಬಗೆಹರಿಯುವುದಿಲ್ಲ, ಉತ್ತರ ಹೇಳಬೇಕಾದವರು ಆಗ ಇರುವುದಿಲ್ಲ.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ವಾರಸುದಾರರ ಪಟ್ಟಿಯಲ್ಲಿ ಮಗ, ಮಗಳು, ಹೆಂಡತಿ, ತಾಯಿ ಇದ್ದಾರೆ. ಇಪ್ಪತ್ತು ವರ್ಷ ಜೊತೆಗಿದ್ದು ಮಾತ್ರೆ ಕೊಟ್ಟು ನೋಡಿಕೊಂಡ ಸಂಗಾತಿ ಇಲ್ಲ. ಆಸ್ತಿಯ ವಿಷಯದಲ್ಲಿ ಕಾನೂನಿನ ಕಣ್ಣಿಗೆ ಆಕೆ ಹೊರಗಿನವರು. ಕೋರ್ಟಿನ ಮುಂದೆ ಒಂದು ಛಾಪಾ ಕಾಗದ ಕೊಂಡು, 'ನಾವಿಬ್ಬರೂ ಒಪ್ಪಿ ಕೂಡಿ ಬಾಳುತ್ತೇವೆ' ಎಂದು ಟೈಪ್ ಮಾಡಿಸಿ ನೋಟರಿ ಮೊಹರು ಹಾಕಿಸಿದರೆ ಸಾಕು ಎಂದುಕೊಳ್ಳುವವರು ಬಹಳ. ಆ ಕಾಗದದಿಂದ ಮನೆಯ ಹಕ್ಕೂ ಬರುವುದಿಲ್ಲ, ಬ್ಯಾಂಕಿನ ಹಣವೂ ಸಿಗುವುದಿಲ್ಲ. ಬೇಕಾದದ್ದು ಒಂದು ಕರಾರು, ಇಬ್ಬರದೂ ಬೇರೆ ಬೇರೆ ವಿಲ್, ಚಿಕಿತ್ಸೆಯ ಬಗ್ಗೆ ತಲಾ ಒಂದು ಮುಂಗಡ ನಿರ್ದೇಶನ, ಜೊತೆಗೆ ಬ್ಯಾಂಕಿನಲ್ಲಿ ಅರ್ಧ ದಿನದ ಕೆಲಸ.

ಮೊದಲು ನೋಡಿಕೊಳ್ಳಬೇಕಾದದ್ದು

ಮದುವೆಯಾಗದ ಇಬ್ಬರು ವಯಸ್ಕರು ಒಟ್ಟಿಗೆ ಇರುವುದು ಅಪರಾಧವಲ್ಲ. ಉತ್ತರಾಖಂಡದಲ್ಲಿ 2025ರ ಜನವರಿಯಿಂದ ಇಂಥ ಸಂಬಂಧವನ್ನು ನೋಂದಾಯಿಸಬೇಕೆಂಬ ಕಾನೂನು ಜಾರಿಯಲ್ಲಿದೆ, ಕರ್ನಾಟಕದಲ್ಲಿ ಅಂಥದ್ದಿಲ್ಲ. ಬಾಡಿಗೆ ಮನೆಯಾದರೆ ಕರಾರಿನಲ್ಲಿ ಇಬ್ಬರ ಹೆಸರನ್ನೂ ಬಾಡಿಗೆದಾರರೆಂದು ಹಾಕಿಸಿ. ಒಬ್ಬರ ಹೆಸರೇ ಇದ್ದರೆ, ಅವರು ಹೋದ ಮೇಲೆ ಅಡ್ವಾನ್ಸ್ ವಾಪಸು ಕೇಳುವ ಹಕ್ಕು ಅವರ ಮಕ್ಕಳದ್ದಾಗುತ್ತದೆ.

ಇಬ್ಬರಲ್ಲಿ ಯಾರಿಗಾದರೂ ಹಿಂದಿನ ಮದುವೆ ಇದ್ದು, ಆ ಗಂಡ ಅಥವಾ ಹೆಂಡತಿ ಬದುಕಿದ್ದರೆ, ಕೋರ್ಟಿನ ವಿಚ್ಛೇದನ ಡಿಕ್ರಿ ಕೈಯಲ್ಲಿದೆಯೇ ನೋಡಿ. ಹಳ್ಳಿಯಲ್ಲಿ ಹಿರಿಯರ ಮುಂದೆ ಬರೆಸಿದ 'ಬಿಡುಗಡೆ ಪತ್ರ' ಸಾಮಾನ್ಯವಾಗಿ ನಿಲ್ಲುವುದಿಲ್ಲ. ಆ ಜಾತಿಯಲ್ಲಿ ಅಂಥ ಪದ್ಧತಿ ಇತ್ತೆಂದು ಸಾಬೀತು ಮಾಡಿದರೆ ಮಾತ್ರ ಬೆಲೆ. ಇದು ಹೆಂಗಸರಿಗೆ ಇನ್ನೂ ಮುಖ್ಯ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ 'ಮದುವೆಯ ಸ್ವರೂಪದ ಸಂಬಂಧ'ದಲ್ಲಿರುವ ಹೆಣ್ಣಿಗೂ ರಕ್ಷಣೆ ಕೊಡುತ್ತದೆ, ಒಟ್ಟಿಗೆ ಇದ್ದ ಮನೆಯಲ್ಲಿ ವಾಸಿಸುವ ಹಕ್ಕೂ ಅದರಲ್ಲಿದೆ. ಆದರೆ ಇಬ್ಬರೂ ಮದುವೆಯಾಗಲು ಅರ್ಹರಾಗಿರಬೇಕು ಎಂದು ಸುಪ್ರೀಂ ಕೋರ್ಟ್ 2010ರ ವೇಲುಸಾಮಿ ಪ್ರಕರಣದಲ್ಲಿ ಹೇಳಿತು. ಗಂಡಸಿಗೆ ಹಳೆಯ ಹೆಂಡತಿ ಇನ್ನೂ ಕಾನೂನುಬದ್ಧ ಹೆಂಡತಿಯೇ ಆಗಿದ್ದರೆ ಆ ರಕ್ಷಣೆ ಕೈತಪ್ಪಬಹುದು.

ಇನ್ನು ಪಿಂಚಣಿ. ಈ ವಯಸ್ಸಿನಲ್ಲಿ ಮದುವೆ ಬೇಡ ಎನ್ನುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಸ್ವಂತ ನೌಕರಿಯ ಪಿಂಚಣಿಗೆ ಏನೂ ಆಗುವುದಿಲ್ಲ. ತೀರಿಹೋದ ಗಂಡ ಅಥವಾ ಹೆಂಡತಿಯ ಲೆಕ್ಕದಲ್ಲಿ ಬರುವ ಕುಟುಂಬ ಪಿಂಚಣಿ ಮಾತ್ರ ಮರುಮದುವೆಯಾದರೆ ಸಾಮಾನ್ಯವಾಗಿ ನಿಲ್ಲುತ್ತದೆ. ಹಾಗಾಗಿ ಯಾವ ಕಾಗದದಲ್ಲೂ 'ಪತಿ', 'ಪತ್ನಿ', 'ಕೋಂ' ಎಂದು ಬರೆಸಬೇಡಿ. ಮನೆಯವರ ಸಮಾಧಾನಕ್ಕೆಂದು ದೇವಸ್ಥಾನದಲ್ಲಿ ತಾಳಿ ಕಟ್ಟಿ, 'ರಿಜಿಸ್ಟರ್ ಮಾಡಿಸಿಲ್ಲವಲ್ಲ' ಎಂದು ಸುಮ್ಮನಿರುವುದು ಅಪಾಯ. ಹಿಂದೂ ವಿವಾಹ ಶಾಸ್ತ್ರದಿಂದ ಆಗುತ್ತದೆ, ನೋಂದಣಿ ಇಲ್ಲದಿದ್ದರೂ ಮದುವೆ ಮದುವೆಯೇ. ಆಮೇಲೆ ಮರುಮದುವೆಯಾಗಿಲ್ಲ ಎಂದು ಬರೆದುಕೊಟ್ಟು ಪಿಂಚಣಿ ತೆಗೆದುಕೊಂಡರೆ ಅದು ಸುಳ್ಳು ಹೇಳಿಕೆಯಾಗುತ್ತದೆ, ಪಡೆದ ಹಣ ವಾಪಸು ಕಟ್ಟಬೇಕಾಗಿ ಬರಬಹುದು. ಇಬ್ಬರಿಗೂ ಕುಟುಂಬ ಪಿಂಚಣಿಯೇ ಇಲ್ಲವೆಂದಾದರೆ ಮದುವೆಯ ದಾರಿಯನ್ನೂ ಒಮ್ಮೆ ಕುಳಿತು ಯೋಚಿಸಿ. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ 30 ದಿನದ ನೋಟಿಸು, ಮೂವರು ಸಾಕ್ಷಿಗಳು, ಅಷ್ಟೇ. ಅರ್ಧದಷ್ಟು ಕಾಗದದ ಕೆಲಸ ಕಡಿಮೆಯಾಗುತ್ತದೆ.

ಮನೆ: ತಲೆಯ ಮೇಲಿನ ಸೂರು

ಮೈಸೂರಿನ ಕುವೆಂಪುನಗರದಲ್ಲಿ 30–40 ಸೈಟಿನ ಮನೆ ಒಬ್ಬ ಹಿರಿಯರ ಹೆಸರಿನಲ್ಲಿದೆ, ಮಂಡ್ಯದಿಂದ ಅವರ ಸಂಗಾತಿ ಬಂದು ಸೇರಿಕೊಳ್ಳುತ್ತಾರೆ ಎಂದಿಟ್ಟುಕೊಳ್ಳಿ. ಮನೆಯ ಒಡೆಯರಿಗೆ ಮಗ, ಮಗಳು ಇದ್ದಾರೆ. ಮನೆ ಕೊನೆಗೆ ಮಕ್ಕಳಿಗೇ ಹೋಗಬೇಕು, ಆದರೆ ಆಕೆ ಬದುಕಿರುವವರೆಗೆ ಬೀದಿಗೆ ಬೀಳಬಾರದು. ಎರಡೂ ಸಾಧ್ಯ. ವಿಲ್‌ನಲ್ಲಿ ಆಕೆಗೆ ಜೀವಿತಾವಧಿ ವಾಸದ ಹಕ್ಕು, ಆಕೆಯ ತರುವಾಯ ಮಕ್ಕಳಿಗೆ ಪೂರ್ಣ ಹಕ್ಕು ಎಂದು ಬರೆಯುವುದೇ ದಾರಿ. ಮಕ್ಕಳ ಕೋಪ ಅರ್ಧಕ್ಕರ್ಧ ಇಳಿಯುವುದೂ ಇದರಿಂದಲೇ. ಬರವಣಿಗೆ ಹೀಗಿರಲಿ:

'ಷೆಡ್ಯೂಲು ಸ್ವತ್ತಿನ ಕೆಳ ಅಂತಸ್ತಿನಲ್ಲಿ ಶ್ರೀಮತಿ …… ಅವರು ತಮ್ಮ ಜೀವಿತಾವಧಿಯವರೆಗೆ ಬಾಡಿಗೆ ಕೊಡದೆ ವಾಸ ಮಾಡತಕ್ಕದ್ದು. ಸದರಿ ಸ್ವತ್ತನ್ನು ಕ್ರಯ, ದಾನ, ಆಧಾರ ಇತ್ಯಾದಿ ಯಾವುದೇ ವಿಧದ ಪರಭಾರೆ ಮಾಡುವ ಹಕ್ಕು ಅವರಿಗೆ ಇರುವುದಿಲ್ಲ. ಅವರ ತರುವಾಯ ಸ್ವತ್ತು ನನ್ನ ಮಗ ಮತ್ತು ಮಗಳಿಗೆ ಸಮಭಾಗವಾಗಿ ಸೇರತಕ್ಕದ್ದು. ಈ ಹಕ್ಕನ್ನು ಸ್ವಇಚ್ಛೆಯಿಂದ ಕೊಟ್ಟಿರುತ್ತೇನೆ, ಜೀವನಾಂಶದ ಬಾಬ್ತು ಕೊಟ್ಟದ್ದಲ್ಲ.'

ಕೊನೆಯ ಸಾಲನ್ನು ಬಿಡಬೇಡಿ. ಹಿಂದೂ ಹೆಣ್ಣಿಗೆ ಜೀವನಾಂಶದ ಬದಲಾಗಿ ಕೊಟ್ಟ ಸೀಮಿತ ಹಕ್ಕು ಉತ್ತರಾಧಿಕಾರ ಕಾಯ್ದೆಯ 14ನೇ ಕಲಮಿನ ಪ್ರಕಾರ ಪೂರ್ಣ ಹಕ್ಕಾಗಿಬಿಡಬಹುದು. ಆ ಭಯಕ್ಕೇ ಮಕ್ಕಳು ವಿಲ್ ಅನ್ನು ಪ್ರಶ್ನಿಸುತ್ತಾರೆ. ಒಂದು ಸಾಲು ಬರೆದರೆ ಆ ವಾದದ ಬಲ ಕುಗ್ಗುತ್ತದೆ.

ಇಷ್ಟು ಬರೆದರೂ ಜಗಳ ಹುಟ್ಟುವುದು ಸಣ್ಣ ವಿಷಯಗಳಿಗೆ. ಕಂದಾಯ ಯಾರು ಕಟ್ಟಬೇಕು, ತಾರಸಿ ಸೋರಿದರೆ ಯಾರು ಮಾಡಿಸಬೇಕು, ಮಹಡಿ ಮನೆಯ ಬಾಡಿಗೆ ಯಾರಿಗೆ, ಆಕೆಯನ್ನು ನೋಡಿಕೊಳ್ಳಲು ಆಳು ಇಟ್ಟುಕೊಳ್ಳಬಹುದೇ, ಮಗಳ ಮನೆಗೋ ವೃದ್ಧಾಶ್ರಮಕ್ಕೋ ಹೋಗಿ ಎಷ್ಟು ತಿಂಗಳು ಬಾರದಿದ್ದರೆ ಹಕ್ಕು ಮುಗಿಯಿತೆಂದು ಲೆಕ್ಕ? ಪ್ರತಿಯೊಂದಕ್ಕೂ ವಿಲ್‌ನಲ್ಲಿ ಒಂದೊಂದು ಸಾಲು ಬೇಕು. ಸಣ್ಣಪುಟ್ಟ ರಿಪೇರಿ, ವಿದ್ಯುತ್ತು, ನೀರು ಇರುವವರದು. ಕಂದಾಯ ಮತ್ತು ಗೋಡೆ–ತಾರಸಿಯ ದೊಡ್ಡ ಕೆಲಸ ಮಕ್ಕಳದು. ಸತತ ಆರು ತಿಂಗಳು ವಾಸವಿಲ್ಲದಿದ್ದರೆ ಹಕ್ಕು ಮುಗಿಯುತ್ತದೆ, ಆಸ್ಪತ್ರೆಯಲ್ಲಿದ್ದ ದಿನಗಳು ಅದಕ್ಕೆ ಸೇರುವುದಿಲ್ಲ: ಈ ಹಂಚಿಕೆ ಇಬ್ಬರಿಗೂ ನ್ಯಾಯ.

ವಿಲ್‌ಗೆ ಒಂದು ದೌರ್ಬಲ್ಯವಿದೆ. ಬರೆದವರು ಬದುಕಿರುವಷ್ಟು ಕಾಲ ಯಾರಿಗೂ ಹೇಳದೆ ಬದಲಾಯಿಸಬಹುದು. ತನ್ನ ಮನೆ ಮಾರಿ ಬಂದು ಸೇರುವವರು ಇಷ್ಟರ ಮೇಲೆ ನಿಲ್ಲಬಾರದು. ದೀರ್ಘ ಅವಧಿಯ ಅಥವಾ ಜೀವಿತಾವಧಿಯ ಗುತ್ತಿಗೆ ಪತ್ರವನ್ನು ನೋಂದಾಯಿಸಿಕೊಳ್ಳಲಿ. ಒಂದು ವರ್ಷ ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯ. ನೋಂದಣಿಯಾದದ್ದು ವಾರಸುದಾರರನ್ನೂ ಕಟ್ಟಿಹಾಕುತ್ತದೆ.

ಈಗಲೇ ದಾನಪತ್ರ ಮಾಡಿಕೊಡುತ್ತೇನೆ ಎಂದು ಪ್ರೀತಿಯಿಂದ ಹೊರಡುವವರು ಲೆಕ್ಕ ಹಾಕಿ ನೋಡಬೇಕು. ಮಕ್ಕಳಿಗೆ, ಹೆಂಡತಿಗೆ ಕೊಡುವ ದಾನಪತ್ರಕ್ಕಿರುವ ಮುದ್ರಾಂಕ ಶುಲ್ಕದ ರಿಯಾಯಿತಿ ಸಂಗಾತಿಗೆ ಸಿಗುವುದಿಲ್ಲ. ₹60 ಲಕ್ಷ ಮಾರ್ಗಸೂಚಿ ಬೆಲೆಯ ಮನೆಗೆ ಶೇ. 5ರಂತೆ ಮುದ್ರಾಂಕವೇ ₹3 ಲಕ್ಷ, ಮೇಲೆ ಸೆಸ್, ನೋಂದಣಿ ಶುಲ್ಕ. ಸಂಬಂಧಿಯಲ್ಲದವರಿಂದ ₹50,000 ಮೀರಿ ಬಂದ ದಾನ ಪಡೆದವರ ಆದಾಯವೆಂದು ಲೆಕ್ಕವಾಗಿ ತೆರಿಗೆಯೂ ಬೀಳುತ್ತದೆ. ಅದೇ ಆಸ್ತಿ ವಿಲ್ ಮೂಲಕ ಬಂದರೆ ಮುದ್ರಾಂಕವೂ ಇಲ್ಲ, ಆ ತೆರಿಗೆಯೂ ಇಲ್ಲ. ದಾನವೇ ಮಾಡಬೇಕೆಂದಿದ್ದರೆ 'ನನ್ನನ್ನು ಕೊನೆಯವರೆಗೆ ನೋಡಿಕೊಳ್ಳಬೇಕು' ಎಂಬ ಷರತ್ತು ಪತ್ರದಲ್ಲೇ ಇರಲಿ. ಕೊಟ್ಟವರಿಗೆ 60 ದಾಟಿದ್ದು, ಪಡೆದವರು ಕೈಬಿಟ್ಟರೆ, 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಡಿ ಉಪವಿಭಾಗಾಧಿಕಾರಿಗಳ ಮುಂದೆ ಅದನ್ನು ರದ್ದು ಮಾಡಿಸಬಹುದು. ಷರತ್ತು ಇಲ್ಲದ ಪತ್ರವನ್ನು ಆ ದಾರಿಯಲ್ಲಿ ರದ್ದು ಮಾಡಿಸುವುದು ಬಹಳ ಕಷ್ಟ.

ಮಂಡ್ಯ ಕಡೆ ಗದ್ದೆ, ತೋಟ ಇರುವವರಿಗೆ ಒಂದು ಮಾತು. ಪಹಣಿಯಲ್ಲಿ ನಿಮ್ಮ ಹೆಸರು ಒಂದೇ ಇದೆ ಎಂದ ಮಾತ್ರಕ್ಕೆ ಜಮೀನು ಪೂರ್ತಿ ನಿಮ್ಮದಲ್ಲ. ಪಿತ್ರಾರ್ಜಿತವಾದರೆ ನಿಮ್ಮ ಭಾಗಕ್ಕೆ ಮಾತ್ರ ವಿಲ್ ಬರೆಯಬಹುದು. ಸ್ವಯಾರ್ಜಿತ ಯಾವುದು, ಪಿತ್ರಾರ್ಜಿತ ಯಾವುದು ಎಂದು ಸರ್ವೆ ನಂಬರ್ ಪ್ರಕಾರ ಬೇರ್ಪಡಿಸಿ ಬರೆಸಿ. ಎಲ್ಲ ಸೇರಿಸಿ ಬರೆದರೆ ಮಕ್ಕಳ ವಕೀಲರು ಮೊದಲು ಹಿಡಿಯುವುದು ಅದನ್ನೇ. ಮುಸ್ಲಿಮರು ವಾರಸುದಾರರ ಒಪ್ಪಿಗೆಯಿಲ್ಲದೆ ಮೂರರಲ್ಲಿ ಒಂದು ಪಾಲಿಗೆ ಮಾತ್ರ ವಿಲ್ ಬರೆಯಬಹುದು. ಕ್ರೈಸ್ತರು ವಿಲ್ ಬರೆದ ಮೇಲೆ ಮದುವೆಯಾದರೆ ಅದು ತಾನಾಗಿ ರದ್ದಾಗುತ್ತದೆ, ಮತ್ತೆ ಬರೆಯಬೇಕು. ಹಿಂದೂಗಳ ವಿಲ್‌ಗೆ ಈ ತೊಂದರೆ ಇಲ್ಲ.

ಇನ್ನೊಬ್ಬರ ಮನೆಗೆ ಹಣ ಹಾಕುವಾಗ

ಆಕೆ ತನ್ನ ನಿವೃತ್ತಿ ಹಣದಲ್ಲಿ ₹6 ಲಕ್ಷ ತೆಗೆದು ಅವರ ಮನೆಯ ತಾರಸಿಗೆ, ಬಚ್ಚಲಿಗೆ ಹಾಕುತ್ತಾರೆ. ಹೀಗೆ ಕೈಬಿಟ್ಟುಹೋಗುವ ಹಣ ತುಂಬಾ. ಗೋಡೆಗೆ ಸೇರಿದ ಹಣ ಗೋಡೆಯ ಒಡೆಯನದು. ಕೊಡುವ ಮೊದಲು ಇದು ಉಡುಗೊರೆಯೋ ಸಾಲವೋ ತೀರ್ಮಾನಿಸಿ. ಸಾಲವಾದರೆ ಬ್ಯಾಂಕ್ ಮೂಲಕವೇ ಕೊಟ್ಟು ಕೈಸಾಲದ ಪತ್ರ ಬರೆಸಿಕೊಳ್ಳಿ. ಇಲ್ಲಿ ಎಲ್ಲರೂ ಮರೆಯುವುದು ಮೂರು ವರ್ಷದ ಕಾಲಮಿತಿಯನ್ನು. ಮೂರು ವರ್ಷದೊಳಗೆ 'ಇಷ್ಟು ಬಾಕಿ ಇದೆ' ಎಂದು ಅವರ ಸಹಿಯ ಹೊಸ ಒಪ್ಪಿಗೆ ಇಲ್ಲದಿದ್ದರೆ ಸಾಲ ವಸೂಲಾಗುವುದಿಲ್ಲ. ಎರಡೂವರೆ ವರ್ಷಕ್ಕೊಮ್ಮೆ ಯುಗಾದಿಯನ್ನೋ ದೀಪಾವಳಿಯನ್ನೋ ಗುರುತಿಟ್ಟುಕೊಂಡು ಸಹಿ ಮಾಡಿಸಿ. 'ನನ್ನ ಆಸ್ತಿಯಿಂದ ಮೊದಲು ಈ ₹6 ಲಕ್ಷ ಅವರಿಗೆ ಸಲ್ಲತಕ್ಕದ್ದು' ಎಂದು ಅವರ ವಿಲ್‌ನಲ್ಲೂ ಇರಲಿ.

ಹೊಸದಾಗಿ ಫ್ಲಾಟ್ ಕೊಳ್ಳುವುದಾದರೆ ಇಬ್ಬರ ಹೆಸರಿನಲ್ಲೂ ಕ್ರಯಪತ್ರ ಮಾಡಿಸಿ, ಯಾರ ಪಾಲು ಶೇಕಡ ಎಷ್ಟು ಎಂದು ಅದರಲ್ಲೇ ಬರೆಸಿ. ಒಬ್ಬರು ತೀರಿಕೊಂಡರೆ ಅವರ ಪಾಲು ಉಳಿದವರಿಗೆ ತಾನಾಗಿ ಬರುವುದಿಲ್ಲ, ಅವರ ಮಕ್ಕಳಿಗೆ ಹೋಗುತ್ತದೆ. ಒಬ್ಬರೇ ಪೂರ್ತಿ ಹಣ ಕೊಟ್ಟು ಇನ್ನೊಬ್ಬರ ಹೆಸರಿಗೆ ಕೊಳ್ಳಲೇಬೇಡಿ. ಹೆಂಡತಿಯ ಹೆಸರಿನಲ್ಲಿ ಕೊಂಡರೆ ಬೇನಾಮಿ ಕಾಯ್ದೆಯಲ್ಲಿ ವಿನಾಯಿತಿ ಇದೆ, ಸಂಗಾತಿಗೆ ಇಲ್ಲ.

ಕರಾರು ಪತ್ರ

ಕರಾರಿನಲ್ಲಿ ಬರೆಯಬೇಕಾದದ್ದು ಮನೆ, ಹಣ, ಸಾಮಾನು, ಆರೈಕೆ, ಬೇರೆಯಾದರೆ ಏನು ಎಂಬುದಷ್ಟೇ. ದಾಂಪತ್ಯ, ದೈಹಿಕ ಸಂಬಂಧದ ಮಾತು ಒಂದಕ್ಷರವೂ ಬೇಡ. ಅದಕ್ಕೆ ಪ್ರತಿಫಲವಾಗಿ ಹಣವನ್ನೋ ಆಸ್ತಿಯನ್ನೋ ಕೊಟ್ಟಂತೆ ಕಂಡರೆ ಕರಾರು ಕಾಯ್ದೆಯ 23ನೇ ಕಲಮಿನಡಿ ಇಡೀ ಪತ್ರ ಅಸಿಂಧುವಾಗಬಹುದು. ಮೊದಲ ಸಾಲಿನಲ್ಲೇ 'ನಾವು ವಿವಾಹವಾಗಿರುವುದಿಲ್ಲ, ಈ ಪತ್ರ ವಿವಾಹದ ಪುರಾವೆಯಲ್ಲ' ಎಂದು ಬರಲಿ. ಬಹುಕಾಲ ಒಟ್ಟಿಗಿದ್ದವರನ್ನು ಗಂಡ–ಹೆಂಡತಿ ಎಂದು ಊಹಿಸುವುದು ಕೋರ್ಟುಗಳ ರೂಢಿ. ಪಿಂಚಣಿ ಉಳಿಸಿಕೊಳ್ಳಬೇಕಾದವರಿಗೆ ಈ ಸಾಲು ಬೇಕೇ ಬೇಕು.

ತಿಂಗಳ ಖರ್ಚಿಗೆ ಸರಿಸಮ ಪಾಲು ಎಂದು ಬರೆಯುವುದು ಸುಲಭ, ನಡೆಸುವುದು ಕಷ್ಟ. ಒಬ್ಬರಿಗೆ ₹45,000 ಪಿಂಚಣಿ, ಇನ್ನೊಬ್ಬರಿಗೆ ₹15,000 ಬರುವುದಾದರೆ ಅವರು ಮೂರು ಪಾಲು, ಇವರು ಒಂದು ಪಾಲು ಹಾಕಿಕೊಳ್ಳುವುದು ಸರಿ. ಚೆಸ್ಕಾಂ ಬಿಲ್ಲು, ನೀರು, ಗ್ಯಾಸು, ದಿನಸಿ, ಮನೆಗೆಲಸದವರ ಸಂಬಳಕ್ಕೆಲ್ಲ ಒಂದೇ ಜಂಟಿ ಖಾತೆ ಇಟ್ಟು, ಉಳಿದ ಹಣ ಅವರವರ ಖಾತೆಯಲ್ಲೇ ಇರಲಿ. ಔಷಧಿ, ಮೊಮ್ಮಕ್ಕಳ ಖರ್ಚು ಅವರವರದು.

ಸಾಮಾನಿನ ಪಟ್ಟಿಯನ್ನು ನಾಚಿಕೆಪಡದೆ ಮಾಡಿ. ಆಕೆ ತಂದ ಗೋದ್ರೆಜ್ ಬೀರು, ತಾಯಿಯ ಕಾಲದ ತಾಮ್ರದ ಹಂಡೆ, ಟಿ.ವಿ., ಹೊಲಿಗೆ ಯಂತ್ರ. ಒಡವೆಯಾದರೆ ಪ್ರತಿಯೊಂದರ ತೂಕ ಗ್ರಾಂ ಲೆಕ್ಕದಲ್ಲಿ, ಜೊತೆಗೆ ಫೋಟೊ. ಪಟ್ಟಿಯ ಪ್ರತಿ ಹಾಳೆಗೂ ಇಬ್ಬರೂ ಸಹಿ ಮಾಡಿ ಕರಾರಿಗೆ ಲಗತ್ತಿಸಿ. ತಿಥಿಯ ದಿನ ಬೀರಿನ ಬೀಗದ ಕೈ ಕೇಳುವ ಸೊಸೆಗೆ ಈ ಹಾಳೆ ತೋರಿಸಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ.

ಬೇರೆಯಾಗುವ ಕಲಮು ಇರಲಿ. 90 ದಿನದ ನೋಟಿಸು, ಆ ಅವಧಿಯಲ್ಲಿ ವಾಸದ ಹಕ್ಕು, ಬಾಕಿ ಸಾಲ ಯಾವಾಗ ತೀರಿಸಬೇಕು, ಜಂಟಿ ಖಾತೆಯ ಹಣ ಹೇಗೆ ಹಂಚಿಕೆ ಎಂದು ಬರೆಯಿರಿ. ಹೆಂಗಸಿಗೆ ಕೌಟುಂಬಿಕ ಹಿಂಸೆ ಕಾಯ್ದೆ ಕೊಟ್ಟ ಹಕ್ಕನ್ನು 'ಬಿಟ್ಟುಕೊಟ್ಟಿದ್ದೇನೆ' ಎಂದು ಬರೆಸಿಕೊಂಡು ನೆಮ್ಮದಿಯಾಗಿರಬೇಡಿ, ಕೋರ್ಟಿನಲ್ಲಿ ಅದು ನಿಲ್ಲದು. ಒಬ್ಬೊಬ್ಬರೂ ಬೇರೆ ಬೇರೆ ವಕೀಲರಿಗೆ ತೋರಿಸಿ ಸಹಿ ಹಾಕುವುದು ಒಳ್ಳೆಯದು. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ಸಲಹೆ ಸಿಗುತ್ತದೆ, ಸಹಾಯವಾಣಿ 15100.

ವಿಲ್ ಬರೆಸುವ ದಿನ

ಬಿಳಿ ಹಾಳೆ ಸಾಕು, ಛಾಪಾ ಕಾಗದ ಬೇಡ. ಇಬ್ಬರು ಸೇರಿ ಒಂದೇ ವಿಲ್ ಬರೆಯಬೇಡಿ. ಒಬ್ಬರು ಹೋದ ಮೇಲೆ ಇನ್ನೊಬ್ಬರು ಬದಲಾಯಿಸಬಹುದೇ ಎಂಬ ವ್ಯಾಜ್ಯ ಅದರಿಂದಲೇ ಹುಟ್ಟುತ್ತದೆ. ಪ್ರತಿ ಪುಟಕ್ಕೂ ಸಹಿ, ಕೊನೆಯಲ್ಲಿ ಇಬ್ಬರು ಸಾಕ್ಷಿಗಳು, ಬಿಕ್ಕಲಂ (ಪತ್ರ ಬರೆದವರ ಹೆಸರು, ಸಹಿ). ಸಾಕ್ಷಿಗಳು ನಿಮಗಿಂತ ಇಪ್ಪತ್ತು ವರ್ಷ ಚಿಕ್ಕವರಾಗಿರಲಿ. ಮುಂದೆ ಕೋರ್ಟಿಗೆ ಹೋದರೆ ಒಬ್ಬ ಸಾಕ್ಷಿಯಾದರೂ ಬಂದು ಹೇಳಬೇಕು. ನಿಮ್ಮ ವಾಕಿಂಗ್ ಗೆಳೆಯರಿಬ್ಬರು ಅಷ್ಟು ಕಾಲ ಇರುತ್ತಾರೆಂಬ ಭರವಸೆ ಇಲ್ಲ. ಆಸ್ತಿ ಪಡೆಯುವವರು ಸಾಕ್ಷಿಯಾಗಬಾರದು. ಅದೇ ದಿನದ ತಾರೀಖಿನಲ್ಲಿ, ಬುದ್ಧಿ ಸ್ವಸ್ಥವಾಗಿದೆ ಎಂದು ವೈದ್ಯರಿಂದ ಪ್ರಮಾಣಪತ್ರ ತೆಗೆದುಕೊಳ್ಳಿ.

ಸಂಗಾತಿ ಆ ದಿನ ಜೊತೆಗೆ ಬರಬಾರದು. ಬರೆಯುವವರಿಗೆ ಹೇಳಿಕೊಡುವುದು, ವಕೀಲರಿಗೆ ದುಡ್ಡು ಕೊಡುವುದು, ಸಬ್ ರಿಜಿಸ್ಟ್ರಾರ್ ಕಚೇರಿಯ ಬೆಂಚಿನ ಮೇಲೆ ಪಕ್ಕದಲ್ಲಿ ಕೂರುವುದು, ಯಾವುದೂ ಬೇಡ. ಹಳೆಯ ಮೈಸೂರು ಹೈಕೋರ್ಟಿನಿಂದ ಮೇಲೆ ಹೋದ ವೆಂಕಟಾಚಲ ಅಯ್ಯಂಗಾರ್ – ತಿಮ್ಮಜಮ್ಮ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1958ರಲ್ಲಿ ಹೇಳಿದ್ದು ಇಂದಿಗೂ ದೇಶದ ಎಲ್ಲ ಕೋರ್ಟುಗಳಲ್ಲಿ ಓದಿ ಹೇಳುವ ಮಾತು: ವಿಲ್‌ನಿಂದ ಲಾಭ ಪಡೆಯುವವರೇ ಅದನ್ನು ಬರೆಸುವುದರಲ್ಲಿ ಮುಂದಾಗಿದ್ದರೆ ಅದು ಅನುಮಾನಕ್ಕೆ ಕಾರಣ, ಆ ಅನುಮಾನ ನೀಗಿಸುವ ಹೊಣೆ ಅವರದೇ. ಮಕ್ಕಳಿಗೆ ಕಡಿಮೆ ಕೊಡುತ್ತಿದ್ದರೆ ಏಕೆಂದು ಎರಡು ಸಾಲಿನಲ್ಲಿ ಬರೆಯಿರಿ. 'ಮಗನ ಓದಿಗೆ, ಮಗಳ ಮದುವೆಗೆ ಆಗಲೇ ಖರ್ಚು ಮಾಡಿರುತ್ತೇನೆ' ಎಂಬಂಥ ಸರಳ ಕಾರಣ ಸಾಕು, ಬೈಗುಳ ಬೇಡ.

ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸಿ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಸಮಯ ಕಾಯ್ದಿರಿಸಿಕೊಂಡು, ಆಧಾರ್, ಫೋಟೊ, ಇಬ್ಬರು ಸಾಕ್ಷಿಗಳೊಂದಿಗೆ ಹೋಗಬೇಕು. ನೆನಪಿಡಬೇಕಾದ್ದೆಂದರೆ ನೋಂದಾಯಿಸಿದ ವಿಲ್ ಋಣಭಾರ ಪ್ರಮಾಣಪತ್ರದಲ್ಲಿ (ಇ.ಸಿ.) ಕಾಣಿಸುವುದಿಲ್ಲ, ಅದು ಬೇರೆ ಪುಸ್ತಕ. ತಂದೆ ತೀರಿದ ತಿಂಗಳಲ್ಲೇ ಮಕ್ಕಳು ವಂಶವೃಕ್ಷ ಕೊಟ್ಟು ಪೌತಿ ಖಾತೆ (ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಮಾಡಿಸಿಕೊಂಡು ಮಾರಿದರೆ, ಕೊಳ್ಳುವವನಿಗೆ ವಿಲ್ ಇರುವುದೇ ಗೊತ್ತಾಗುವುದಿಲ್ಲ. ಅದಕ್ಕೇ ವಿಲ್ ಜಾರಿ ಮಾಡುವ ಹೊಣೆಗಾರರನ್ನು ಹೆಸರಿಸಿ, ಮರಣಪತ್ರ ಬಂದ ವಾರದಲ್ಲೇ ನಗರವಾದರೆ ಪಾಲಿಕೆಯ ವಲಯ ಕಚೇರಿಗೆ, ಜಮೀನಾದರೆ ನಾಡಕಚೇರಿಗೆ ವಿಲ್ ನಕಲಿನೊಂದಿಗೆ ತಕರಾರು ಅರ್ಜಿ ಕೊಡಬೇಕೆಂದು ಅವರಿಗೆ ಹೇಳಿಟ್ಟಿರಿ. ಈ ಕಡೆ ಹಿಂದೂಗಳ ವಿಲ್‌ಗೆ ಪ್ರೊಬೇಟ್, ಅಂದರೆ ವಿಲ್ ನಿಜವಾದದ್ದೆಂದು ಕೋರ್ಟ್ ಕೊಡುವ ದೃಢೀಕರಣ, ಕಡ್ಡಾಯವಲ್ಲ.

ಬ್ಯಾಂಕು, ಅಂಚೆ ಕಚೇರಿ

ನಾಮಿನಿ ಎಂದರೆ ಹಣದ ಒಡೆಯರಲ್ಲ, ಪಡೆದು ವಾರಸುದಾರರಿಗೆ ತಲುಪಿಸಬೇಕಾದವರು. ಸಂಗಾತಿಯನ್ನು ನಾಮಿನಿ ಮಾಡಿ, ಆ ಖಾತೆಯ ಹಣ ಅವರಿಗೇ ಎಂದು ವಿಲ್‌ನಲ್ಲೂ ಬರೆದರೆ ಮಾತ್ರ ಪೂರ್ತಿಯಾಗುತ್ತದೆ. ಜಂಟಿ ಠೇವಣಿಗೆ 'ಇಬ್ಬರಲ್ಲಿ ಒಬ್ಬರು ಅಥವಾ ಉಳಿದವರು' ಎಂಬ ಸೂಚನೆ ಕೊಡಿ. ಒಬ್ಬರು ತೀರಿದರೆ ಅವಧಿಗೆ ಮೊದಲೇ ಉಳಿದವರು ಹಣ ತೆಗೆಯಬಹುದು ಎಂಬ ಜಂಟಿ ಒಪ್ಪಿಗೆಯನ್ನೂ ಈಗಲೇ ಬರೆದುಕೊಡಿ. ಅದಿಲ್ಲದಿದ್ದರೆ ವಾರಸುದಾರರ ಸಹಿ ಕೇಳುತ್ತಾರೆ. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಗಂಡ–ಹೆಂಡತಿ ಮಾತ್ರ ಜಂಟಿಯಾಗಬಹುದು. ಅಂಚೆ ಕಚೇರಿಯ ಮಾಸಿಕ ಆದಾಯ ಯೋಜನೆಯಲ್ಲಿ ಯಾವ ವಯಸ್ಕರಾದರೂ ಸರಿ, ಜಂಟಿ ಮಿತಿ ₹15 ಲಕ್ಷ.

ಆಸ್ಪತ್ರೆ

ಜನರಲ್ ಪವರ್ ಆಫ್ ಅಟಾರ್ನಿ ಇದೆ ಎಂದು ನಂಬಿ ಕೂರಬೇಡಿ. ಕೊಟ್ಟವರಿಗೆ ಬುದ್ಧಿ ಸ್ಥಿಮಿತ ತಪ್ಪಿದ ಕೂಡಲೇ ಅದು ಮುಗಿಯಿತು, ಅಂದರೆ ಬೇಕಾದ ಹೊತ್ತಿಗೇ ಉಪಯೋಗಕ್ಕೆ ಬರುವುದಿಲ್ಲ. ಚಿಕಿತ್ಸೆಗೆ ಇರುವ ದಾರಿ ಮುಂಗಡ ವೈದ್ಯಕೀಯ ನಿರ್ದೇಶನ. ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿ 2023ರ ಜನವರಿಯಲ್ಲಿ ಸರಳಗೊಳಿಸಿದ ಈ ಪತ್ರಕ್ಕೆ ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಇದನ್ನು ಜಾರಿಗೆ ತರುವ ಸುತ್ತೋಲೆ ಹೊರಡಿಸಿತು. ಗುಣವಾಗದ ಸ್ಥಿತಿಯಲ್ಲಿ ವೆಂಟಿಲೇಟರ್ ಬೇಕೇ ಬೇಡವೇ, ತೀರ್ಮಾನ ಹೇಳುವವರು ಯಾರು ಎಂದು ಅದರಲ್ಲಿ ಬರೆಯಿರಿ. ಸಂಗಾತಿಯ ಜೊತೆ ಒಬ್ಬ ಮಗ ಅಥವಾ ಮಗಳ ಹೆಸರನ್ನೂ ಸೇರಿಸಿ. ಐಸಿಯು ಬಾಗಿಲಲ್ಲಿ ಎರಡು ಕಡೆಯವರು ನಿಂತು ಕೂಗಾಡಿದರೆ ವೈದ್ಯರು ಯಾರ ಮಾತನ್ನೂ ಕೇಳುವುದಿಲ್ಲ. ಮರೆಗುಳಿತನದ ಭಯವಿದ್ದರೆ 2017ರ ಮಾನಸಿಕ ಆರೋಗ್ಯ ಕಾಯ್ದೆಯಡಿ ಸಂಗಾತಿಯನ್ನು ನಾಮನಿರ್ದೇಶಿತ ಪ್ರತಿನಿಧಿ ಎಂದು ಬಿಳಿ ಹಾಳೆಯಲ್ಲಿ ಬರೆದು ಸಹಿ ಹಾಕಿಡಬಹುದು. ಆರೋಗ್ಯ ವಿಮೆಯನ್ನು ಇಬ್ಬರೂ ಬೇರೆ ಬೇರೆಯಾಗಿ ಮಾಡಿಸಿ.

ಅಂತ್ಯಕ್ರಿಯೆಯ ಬಗ್ಗೆ ಬರೆದಿಟ್ಟ ಆಸೆಯನ್ನು ಮಕ್ಕಳು ನಡೆಸಿಯೇ ತೀರಬೇಕೆಂದಿಲ್ಲ. ದೇಹದಾನದ ಫಾರಂಗೆ ಮಕ್ಕಳ ಸಹಿಯನ್ನು ಮೊದಲೇ ಹಾಕಿಸಿಡಿ.

ಮಕ್ಕಳಿಗೆ ಹೇಳುವುದು

ವಿಲ್‌ನ ಒಳಗೇನಿದೆ ಎಂದು ಹೇಳಬೇಕಾಗಿಲ್ಲ. ವಿಲ್ ಇದೆ, ಮನೆ ಕೊನೆಗೆ ನಿಮ್ಮದೇ, ಇವರು ಇರುವಷ್ಟು ಕಾಲ ಇಲ್ಲೇ ಇರುತ್ತಾರೆ ಎಂಬ ಮೂರು ಮಾತು ಹೇಳಿ. ಎರಡೂ ಕಡೆಯ ಮಕ್ಕಳನ್ನು ಒಂದೇ ದಿನ ಕೂರಿಸಿ ಹೇಳುವುದಕ್ಕಿಂತ ಅವರವರ ಮಕ್ಕಳಿಗೆ ಅವರವರೇ ಹೇಳುವುದು ಮೇಲು. ಮೂಲ ಪತ್ರಗಳನ್ನೆಲ್ಲ ಸಂಗಾತಿಯ ಕೈಯಲ್ಲೇ ಇಡಬೇಡಿ. ಒಂದು ನಕಲು ವಿಲ್ ಹೊಣೆಗಾರರಲ್ಲಿ, ಒಂದು ವಕೀಲರಲ್ಲಿ, ಮೂಲ ಲಾಕರಿನಲ್ಲಿ. ಲಾಕರು ಒಬ್ಬರ ಹೆಸರಿನಲ್ಲೇ ಇದ್ದರೆ ಅವರು ತೀರಿದ ಮೇಲೆ ವಿಲ್ ತೆಗೆಯಲು ವಿಲ್ ಬೇಕಾಗುತ್ತದೆ, ಹಾಗಾಗಿ ಅದನ್ನು ಇಬ್ಬರ ಹೆಸರಿಗೂ ಮಾಡಿಸಿ. ಮುಂಗಡ ನಿರ್ದೇಶನ ಮಾತ್ರ ಲಾಕರಿಗೆ ಹೋಗಬಾರದು. ಅದರ ಒಂದು ನಕಲನ್ನು ಪಾಲಿಕೆಯ ಅಥವಾ ಪಂಚಾಯಿತಿಯ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ, ಇನ್ನೊಂದು ಆಸ್ಪತ್ರೆಯ ಫೈಲಿನಲ್ಲಿ, ಮಾತ್ರೆ ಚೀಟಿಗಳ ಜೊತೆ ಮೇಲೇ ಇರಲಿ.